ಆರನೆಯ ಶೀಲ

ಅವ್ವ ಇನ್ನೂ ಬಂದಿರಲಿಲ್ಲ; ಅವಳ ವಾಸನೆ ಮಾತ್ರ ಆಗಲೇ ಬಂದು ಕೂತಿತ್ತು. ಹೇಮಶ್ರೀ ನಡುಮನೆಯನ್ನು ಫಿನಾಯಿಲ್ ಹಾಕಿ ಎರಡು ಸಲ ಒರೆಸಿದ್ದಳು. ಬುದ್ಧನ ಮೂರ್ತಿಯ ಮುಂದೆ, ಅದರ ಪಕ್ಕ ಹಾರ ಹಾಕಿಟ್ಟ ಅಪ್ಪನ ಫೋಟೋದ ಮುಂದೆ ಊದುಬತ್ತಿ ಹಚ್ಚಿದ್ದಳು. ಆದರೂ ಬಾಗಿಲ ಪರದೆ ಅಲುಗಿದಾಗೆಲ್ಲ ಮೂಗಿನ ಬುಡದಲ್ಲಿ, ನಾಲಿಗೆ ಶುರುವಾಗುವ ಜಾಗದಲ್ಲಿ ಅದು ಎದ್ದು ನಿಲ್ಲುತ್ತಿತ್ತು: ಬಿಸಿನೀರು, ಸುಣ್ಣ, ಅರ್ಧ ಅರಗಿದ ಹುಲ್ಲು, ಕರುಳಿನ ಒಳಮೈಯ ಆ ಸಿಹಿ ಬೆರೆತ ಕಮಟು. ಕಡೂರಿನ ಹೊಸ ಬಡಾವಣೆಯ ಈ ಮನೆಯಲ್ಲಿ ಒಂದು ದಿನವೂ ಮಾಂಸ ಬೇಯಿಸಿದ್ದಿಲ್ಲ. ವಾಸನೆ ಮನೆಯದಲ್ಲ, ತನ್ನ ಮೂಗಿನದು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮತ್ತೊಮ್ಮೆ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡಳು.

“ನಿಮ್ಮ ತಾಯಿ ಬರ್ತಾರಂತಾ?” ಕುರ್ಚಿಗಳನ್ನು ಗೋಡೆಗೆ ಸರಿಸುತ್ತಿದ್ದ ಗಂಡ ಧನಪಾಲ್ ಕೇಳಿದ.

“ಬರಲ್ಲ ಅನ್ಸುತ್ತೆ,” ಎಂದಳು. ತನ್ನ ದನಿಯಲ್ಲಿದ್ದ ಆಸೆ ತನಗೇ ಕೇಳಿಸಿ ನಾಚಿಕೆಯಾಯಿತು.

ಅಪ್ಪ ಪುಟ್ಟಯ್ಯ ತೀರಿಕೊಂಡು ಅಂದಿಗೆ ಎಂಟು ವರ್ಷ. ಶಿವಮೊಗ್ಗದ ಕಡೆಯಿಂದ ಬೌದ್ಧ ಭಿಕ್ಷು, ಭಂತೇಜಿ ಬರುವವರಿದ್ದರು. ಹತ್ತೂವರೆಗೆ ಪರಿತ್ತ ಎಂಬ ರಕ್ಷಾಸೂತ್ರಗಳ ಪಠಣ, ಸಣ್ಣದೊಂದು ಉಪದೇಶ, ಹನ್ನೆರಡರೊಳಗೆ ಅವರ ಊಟ, ಆಮೇಲೆ ಉಳಿದವರದು. ಗುರುವಾರ ಫೋನ್ ಮಾಡಿ ಹೇಳಿದಾಗ ಅವ್ವ, “ಭಾನುವಾರನಾ? ವ್ಯಾಪಾರದ ದಿನ ಕಣೇ ಅದು. ಸತ್ತೋನು ಸೋಮವಾರಾನೂ ಸತ್ತೇ ಇರ್ತಾನೆ, ಸೋಮವಾರ ಇಟ್ಕೊಳ್ಳಿ,” ಎಂದು ನಕ್ಕಿದ್ದಳು. ಆ ನಗು ಕೇಳಿ ಹೇಮಶ್ರೀಗೆ ಮೈ ಉರಿದಿತ್ತು. ಫೋನ್ ಇಟ್ಟ ಮೇಲೆ ಮೈ ಹಗುರವೂ ಆಗಿತ್ತು. ವಿಧವೆಯಾದ ಹೆಂಡತಿಯನ್ನು ಕರೆಯದೆ ಗಂಡನ ಪುಣ್ಯದಿನ ಮಾಡಿದರು ಎಂದು ಯಾರೂ ಅನ್ನುವಂತಿಲ್ಲ, ಕರೆದದ್ದಾಯಿತು. ಬರದಿದ್ದರೆ ತಪ್ಪು ತನ್ನದಲ್ಲ.

ಊರಿನ ಒಂದು ಲ್ಯಾಬಿನಲ್ಲಿ ಅವಳು ಹನ್ನೆರಡು ವರ್ಷದಿಂದ ಟೆಕ್ನಿಷಿಯನ್. ಬೆಳಗಾದರೆ ಸಾಲಾಗಿ ಡಬ್ಬಿಗಳು ಬರುತ್ತವೆ: ಯಾರದೋ ಮೂತ್ರ, ಯಾರದೋ ಮಲ, ಕ್ಷಯವಿರಬಹುದಾದವರ ಕಫ. ಹೊಸದಾಗಿ ಸೇರಿದ ಹುಡುಗಿ ಅಕ್ಷತಾ ಮೊದಲ ವಾರ ಸಿಂಕಿನ ಬಳಿ ಓಕರಿಸುತ್ತ ನಿಂತಾಗ ಹೇಮಶ್ರೀಯೇ ಬೆನ್ನು ಸವರಿ, “ಎಲ್ಲಾರ ಒಳಗೂ ಇರೋದೇ ಕಣಮ್ಮಾ, ಇದ್ರಲ್ಲಿ ಅಸಹ್ಯ ಏನ್ ಬಂತು,” ಎಂದಿದ್ದಳು. ನಿಜವಾಗಿಯೂ ಆಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಆ ಸಂಜೆಯೇ ತರೀಕೆರೆಯಿಂದ ಅವ್ವ ಯಾರದೋ ಕೈಲಿ ಕಳಿಸಿದ ಮಾವಿನಕಾಯಿಯ ಚೀಲವನ್ನು ಅವಳು ಬಾಗಿಲ ಹೊರಗೇ ಬಿಚ್ಚಿ, ಕಾಯಿಗಳನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಚೀಲವನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಎಸೆದಿದ್ದಳು. ಊರವರ ಹೊಟ್ಟೆಯೊಳಗಿನದು ಹೇಸಿಗೆಯಲ್ಲ. ತನ್ನನ್ನು ಹೊಟ್ಟೆಯೊಳಗೆ ಹೊತ್ತವಳ ಕೈ ಹೇಸಿಗೆ. ಈ ಯೋಚನೆ ಬಂದಾಗಲೆಲ್ಲ ಅವಳು ಅದರ ಮುಖ ನೋಡದೆ ದಾಟಿಬಿಡುತ್ತಿದ್ದಳು.

ತರೀಕೆರೆಯ ಸಂತೆಬೀದಿಯ ತಿರುವಿನಲ್ಲಿ ಅವ್ವ, ಜವರಮ್ಮ, ನಲವತ್ತು ವರ್ಷದಿಂದ ಬೋಟಿ ಮಾರುತ್ತಿದ್ದಳು. ವಜೀರ್ ಸಾಬರ ಮಟನ್ ಅಂಗಡಿಯಿಂದ ಕುರಿಯ ಹೊಟ್ಟೆ, ಕರುಳು ತಂದು, ಹಿತ್ತಿಲಲ್ಲಿ ಬಿಸಿನೀರು ಕಾಯಿಸಿ, ಸುಣ್ಣ ತಿಕ್ಕಿ, ಕಪ್ಪು ಪೊರೆ ಕೆರೆದು ಬಿಳಿ ಮಾಡಿ, ಟಬ್ಬಿಗೆ ತುಂಬಿಕೊಂಡು ಹೊರಡುತ್ತಿದ್ದಳು. ಪುಟ್ಟಯ್ಯ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹೇಮಶ್ರೀ ಹುಟ್ಟುವ ಮುಂಚೆಯೇ ಬೀರೂರಿನ ಒಂದು ಸಭೆಯಲ್ಲಿ ಅವನು ಬೌದ್ಧನಾಗಿ ಬಂದಿದ್ದ. ಬಂದವನು ಮನೆಯ ಗೂಡಿನಲ್ಲಿದ್ದ ಹಳೆಯ ದೇವರ ಪಟಗಳನ್ನು ಸುತ್ತಿ ಕೆರೆಗೆ ಬಿಟ್ಟು, ಆ ಜಾಗದಲ್ಲಿ ಬುದ್ಧನನ್ನು ಇಟ್ಟು, ಅಂದಿನಿಂದ ಮಾಂಸ ಬಿಟ್ಟ. ಅವ್ವ ಏನನ್ನೂ ಬಿಡಲಿಲ್ಲ. ಬಿಡುವುದಕ್ಕೆ ಅವಳ ಬಳಿ ದೇವರೇ ಇರಲಿಲ್ಲ. “ಹಳೇ ದೇವ್ರು ಒಳೀಕೆ ಬಿಟ್ಕೊಳ್ಳಿಲ್ಲ, ಆಚೆ ನಿಲ್ಲಿಸ್ದ. ಹೊಸಾ ದೇವ್ರು ಒಳೀಕೇ ಬಂದು ಕೂತ್ಕೊಂಡು ನನ್ ಒಲೆ ಮ್ಯಾಲೆ ಕಣ್ಣಿಕ್ಕವ್ನೆ,” ಎನ್ನುತ್ತಿದ್ದಳು. “ಬುದ್ಧ ದೇವರಲ್ಲ ಅವ್ವಾ,” ಎಂದು ಏಳು ವರ್ಷದ ಹೇಮಶ್ರೀ ಅಪ್ಪನಿಂದ ಕಲಿತದ್ದನ್ನು ಒಪ್ಪಿಸಿದರೆ, “ದೇವ್ರಲ್ದಿದ್ ಮ್ಯಾಗೆ ಊದುಬತ್ತಿ ಯಾಕೆ? ಸೊಳ್ಳೆಗಾ?” ಎಂದು ಕರುಳಿನ ಸುರುಳಿ ಹಿಂಡುತ್ತಲೇ ನಗುತ್ತಿದ್ದಳು. ಅಪ್ಪನೂ ನಗುತ್ತಿದ್ದ. ಅಪ್ಪ ನಕ್ಕಿದ್ದನ್ನು ಹೇಮಶ್ರೀ ಎಂದೂ ಕ್ಷಮಿಸಲಿಲ್ಲ.

ದಿನಾ ಸಂಜೆ ಅಪ್ಪ ಕೈಕಾಲು ತೊಳೆದು ಬುದ್ಧನ ಮುಂದೆ ಚಾಪೆ ಹಾಸಿ ಕೂರುವ. ಪಕ್ಕದಲ್ಲಿ ಅವಳು. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಕೆಟ್ಟ ನಡತೆ ಇಲ್ಲ, ಸುಳ್ಳಿಲ್ಲ, ಹೆಂಡವಿಲ್ಲ ಎಂಬ ಐದು ಶೀಲಗಳನ್ನು ಪಾಲಿಯಲ್ಲಿ ಅವನು ಹೇಳಿದಂತೆ ಅವಳು ಹೇಳುವಳು. ಮೇಣದಬತ್ತಿಯಿಂದ ಎಂಟು ಹೆಜ್ಜೆ ಹಿಂದೆ ಹಿತ್ತಿಲ ಬಾಗಿಲು. ಅದರಾಚೆ ಟಬ್ಬು ತಿಕ್ಕುವ ಪರಪರ ಸದ್ದು, ಆ ವಾಸನೆ. ಶರಣು ಹೋಗುವ ಮಾತು ಕಿವಿಗೂ ಕರುಳಿನ ಕಮಟು ಮೂಗಿಗೂ ಒಟ್ಟಿಗೇ ಇಳಿದು, ಒಳಗೆಲ್ಲೋ ಒಂದಕ್ಕೊಂದು ಅಂಟಿಕೊಂಡುಬಿಟ್ಟವು. ಇವತ್ತಿಗೂ ಧ್ಯಾನಕ್ಕೆ ಕಣ್ಣು ಮುಚ್ಚಿದರೆ ಮೊದಲು ಬರುವುದು ಅದೇ. ಉಸಿರನ್ನು ಗಮನಿಸಿ ಎನ್ನುತ್ತಾರೆ ಭಂತೇಜಿ. ಅವಳು ಉಸಿರನ್ನು ಗಮನಿಸುವುದಕ್ಕಿಂತ ಎಷ್ಟೋ ಮೊದಲು ಅದನ್ನು ಬಿಗಿಹಿಡಿಯುವುದನ್ನು ಕಲಿತಿದ್ದಳು. ಮಲಗಿದಾಗ ಅವ್ವ ಅವಳ ತಲೆಯ ಮೇಲೆ ಕೈ ಇಟ್ಟೇ ನಿದ್ದೆ ಹೋಗುತ್ತಿದ್ದಳು. ಎಷ್ಟು ಸೋಪು ಹಾಕಿದರೂ ಹೋಗದ ಆ ಕೈ. ಅವ್ವನ ಗೊರಕೆ ಶುರುವಾಗುವವರೆಗೆ ಹುಡುಗಿ ಉಸಿರು ಕಟ್ಟಿ ಮಲಗಿದ್ದು, ಆಮೇಲೆ ಬೆರಳನ್ನು ಒಂದೊಂದಾಗಿ ಎತ್ತಿ ಆಚೆ ಇಡುತ್ತಿದ್ದಳು.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಗೆಳತಿ ಅಲ್ಮಾಸ್ ಜೊತೆ ಸಂತೆಬೀದಿಯಲ್ಲಿ ಬರುತ್ತಿದ್ದಳು. ಟಬ್ಬಿನ ಹಿಂದಿನಿಂದ ಅವ್ವ, “ಹೇಮೀ, ಏ ಹೇಮೀ,” ಎಂದು ಕೂಗಿದಳು. ಹೇಮಶ್ರೀ ನೇರ ನೋಡುತ್ತ ನಡೆದಳು. “ನಿನ್ನ ಕರೀತಾವ್ರಲ್ಲೇ, ಯಾರದು?” ಎಂದು ಅಲ್ಮಾಸ್ ಕೇಳಿದಳು. “ಗೊತ್ತಿಲ್ಲ,” ಎಂದಳು. ಆ ಸಂಜೆ ಚಾಪೆಯ ಮೇಲೆ ನಾಲ್ಕನೇ ಶೀಲಕ್ಕೆ ಬಂದಾಗ ನಾಲಿಗೆ ನಿಂತಿತು. “ಸುಳ್ಳು ಹೇಳ್ದೆ ಅಪ್ಪಾ,” ಎಂದಳು. ಅಪ್ಪ ಯಾವ ಸುಳ್ಳು ಎಂದು ಕೇಳಲಿಲ್ಲ. “ಇನ್ನೊಂದ್ಸಲ ಹೇಳು ಹಂಗಾದ್ರೆ,” ಎಂದ. ಹೇಳಿದಳು. ಸುಳ್ಳಿನದು ಅಷ್ಟಕ್ಕೇ ತೀರಿತೆಂದು ಆಗ ಅಂದುಕೊಂಡಿದ್ದಳು.

ಹತ್ತೂಕಾಲಿಗೆ ಭಂತೇಜಿ ಬಂದರು. ಐವತ್ತರ ಆಸುಪಾಸಿನ, ಮೊಣಕಾಲು ನೋವಿದ್ದಂತೆ ನಿಧಾನ ನಡೆಯುವ, ಕಾವಿ ಚೀವರದ ಮನುಷ್ಯ. ಧನಪಾಲನ ಅಕ್ಕ ವನಜಾಕ್ಷಿ, ಕಾಲೇಜಿನಲ್ಲಿ ಪಾಠ ಮಾಡುವವರು, ಆಗಲೇ ಮುಂದಿನ ಸಾಲಿನಲ್ಲಿ ಕೂತಿದ್ದರು. ಅವರ ಮನೆಯಲ್ಲಿ ಎರಡು ತಲೆಮಾರಿನಿಂದ ಎಲ್ಲರೂ ನಂಬುವವರೇ. ಗಂಡ ಹೆಂಡತಿ ಮಕ್ಕಳು ಒಟ್ಟಿಗೆ ಕೂತು ಒಂದೇ ರಾಗದಲ್ಲಿ ತ್ರಿಶರಣ ಹೇಳುತ್ತಾರೆ. ಮದುವೆಯಾದ ಹೊಸದರಲ್ಲಿ ಆ ಒಂದೇ ರಾಗ ಕೇಳಿ ಹೇಮಶ್ರೀಗೆ ಅಳು ಬಂದಿತ್ತು. ಯಾರೂ ಹಿಂದಿನಿಂದ ನಗದೆ, ಯಾರೂ ಉಪ್ಪಿನ ಡಬ್ಬಿ ಎಲ್ಲಿಟ್ಟೆ ಎಂದು ನಡುವೆ ಕೇಳದೆ ಪ್ರಾರ್ಥನೆಯೊಂದು ಕೊನೆ ಮುಟ್ಟಬಹುದು ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಪಠಣ ಅರ್ಧ ಆಗಿತ್ತು. ಗೇಟು ಕಿರ್ ಎಂದಿತು. ಹೇಮಶ್ರೀಗೆ ತಿರುಗಿ ನೋಡಬೇಕಾಗಲಿಲ್ಲ. ಅವ್ವ ವ್ಯಾಪಾರ ಅರ್ಧಕ್ಕೆ ನಿಲ್ಲಿಸಿ, ಹಸಿರು ಸೀರೆಯ ಅಂಚು ಇನ್ನೂ ಒದ್ದೆಯಿರುವಾಗಲೇ ಪ್ಯಾಸೆಂಜರ್ ಗಾಡಿ ಹತ್ತಿ ಬಂದಿದ್ದಳು. ಚಪ್ಪಲಿ ಕಳಚಿ, ಬಾಗಿಲ ಬಳಿ ನೆಲದ ಮೇಲೆ ಕಾಲು ಮಡಚಿ ಕೂತು, ಎಲ್ಲರಿಗೂ ಒಮ್ಮೆಲೇ ಎಂಬಂತೆ ನಕ್ಕಳು. ವನಜಾಕ್ಷಿ ಸೆರಗಿನ ತುದಿಯನ್ನು ಮೂಗಿಗೆ ತಂದುಕೊಂಡರು. ಬೆವರು ಒರೆಸಿಕೊಳ್ಳುವವರ ಹಾಗೆ ತಂದುಕೊಂಡರು, ಆದರೆ ಒರೆಸಲಿಲ್ಲ. ಅದನ್ನು ನೋಡಿ ಹೇಮಶ್ರೀಗೆ ವನಜಾಕ್ಷಿಯ ಮೇಲೆ ಸಿಟ್ಟು ಬರಬೇಕಿತ್ತು. ಅವಳಿಗೆ ಬಂದದ್ದು ಅವ್ವನ ಮೇಲೆ. ಪಾಲಿಯ ಸಾಲುಗಳು ಬಾಯಿಂದ ತಾವಾಗಿಯೇ ಹೊರಡುತ್ತಿದ್ದವು, ಒಳಗೆ ಮಾತ್ರ ಒಂದೇ ವಾಕ್ಯ: ಯಾಕೆ ಬಂದೆ, ಯಾಕೆ ಬಂದೆ, ಯಾಕೆ ಬಂದೆ.

ಉಪದೇಶಕ್ಕೆ ಭಂತೇಜಿ ದೇಹದ ವಿಷಯವನ್ನೇ ಎತ್ತಿಕೊಂಡರು. ಸಾವಿನ ದಿನವಾದ್ದರಿಂದ ಇರಬೇಕು. ಮನುಷ್ಯ ತನ್ನ ದೇಹವನ್ನು ಭಾಗ ಭಾಗವಾಗಿ ನೆನೆಯಬೇಕು ಎಂದರು. ಕೂದಲು, ಉಗುರು, ಹಲ್ಲು, ಚರ್ಮ. ಮಾಂಸ, ಮೂಳೆ, ಯಕೃತ್ತು. ದೊಡ್ಡ ಕರುಳು, ಸಣ್ಣ ಕರುಳು, ಹೊಟ್ಟೆಯಲ್ಲಿರುವ ಅನ್ನ, ಮಲ. “ಇದು ಚೆಂದ ಅಂತ ಹಿಡ್ಕೊಳ್ಳೋದಲ್ಲ. ಕಂಡೋರ ದೇಹದ ಮೇಲೆ ಉಗುಳೋದಕ್ಕೂ ಅಲ್ಲ. ಇರೋದು ಹೀಗೆ, ಅಷ್ಟೇ.”

“ದೊಡ್ಡ ಕಳ್ಳು ಸಣ್ಣ ಕಳ್ಳು ಬ್ಯಾರೆ ಬ್ಯಾರೆ ತೊಳೀಬೇಕು ಬುದ್ಧಿ,” ಎಂದಿತು ಬಾಗಿಲ ಬಳಿಯ ದನಿ. “ಒಟ್ಗೆ ಹಾಕುದ್ರೆ ಎರಡೂ ಕೆಡ್ತವೆ.”

ಬುದ್ಧಿ! ಅಜ್ಜಂಪುರದ ಜಮೀನ್ದಾರರ ಜಗಲಿಯ ಕೆಳಗೆ ನಿಂತು ಅಜ್ಜಿ ಕರೆಯುತ್ತಿದ್ದ ಮಾತು. ಆ ಮಾತನ್ನು ಬಾಯಿಂದ ತೆಗೆಯುವುದಕ್ಕೆಂದೇ ಅಪ್ಪ ಧರ್ಮ ಬದಲಿಸಿದ್ದ. ಧನಪಾಲ್ ಚಾವಣಿ ನೋಡತೊಡಗಿದ. ಹೇಮಶ್ರೀ ಕಣ್ಣಲ್ಲೇ ಅವ್ವನನ್ನು ಸುಟ್ಟಳು. ಅವ್ವ ಸುಟ್ಟುಹೋಗುವವಳಲ್ಲ.

ಭಂತೇಜಿ ಮಾತ್ರ ಆ ಕಡೆಗೇ ತಿರುಗಿ ಕೂತರು. “ಹೇಗೆ ತೊಳೀತೀರಮ್ಮಾ?” ಎಂದರು. ಕೇಳಿದ್ದು ಕುಚೇಷ್ಟೆಗಲ್ಲ ಎಂದು ದನಿಯಲ್ಲೇ ಗೊತ್ತಾಗುತ್ತಿತ್ತು.

“ಕಡ್ಡಿ ತೂರಿಸಿ ಒಳಗಿಂದು ಈಚೆ ಮಾಡ್ಬೇಕು. ಅಂಗಿ ತಿರುವಾಕಲ್ವಾ, ಹಂಗೆ. ಆಮ್ಯಾಕೆ ಸುಣ್ಣ. ಒಬ್ರ ಕೈಲಿ ಆಗದಲ್ಲ ಅದು. ಒಬ್ರು ಈ ತುದಿ, ಇನ್ನೊಬ್ರು ಆ ತುದಿ ಹಿಡೀಬೇಕು. ನಮ್ ಯಜಮಾನ್ರು ಹಿಡ್ಕೊಳ್ಳೋರು.”

“ಅಪ್ಪಾನಾ?” ಹೇಮಶ್ರೀಯ ಬಾಯಿಂದ ಮಾತು ಜಾರಿತು. “ಅಪ್ಪ ಮಾಂಸ ಮುಟ್ತಿರ್ಲಿಲ್ಲ.”

“ತಿಂತಿರ್ಲಿಲ್ಲ. ತೊಳೀತಿದ್ರು,” ಎಂದಳು ಅವ್ವ. “ನಾಕು ಗಂಟೆಗೆ ನನ್ ಜೊತೆ ಎದ್ದು ಕೂರೋರು. ನನ್ ಕೈ ಸುಣ್ಣಕ್ಕೆ ಒಡೆದು ರಕ್ತ ಬರೋದು ನೋಡಿ, ತತ್ತಾ ಇಲ್ಲಿ ಅಂತ ಕಿತ್ಕೊಳ್ಳೋರು. ಕೆಲ್ಸಕ್ಕೆ ಹೊರಡೋವರ್ಗೂ ತೊಳ್ದು, ಮಿಂದು ಹೋಗೋರು. ನೀನು ಏಳು ಗಂಟೆಗೆ ಏಳೋಳು, ನಿಂಗೆಲ್ಲಿ ಕಾಣ್ತದೆ.”

ಭಂತೇಜಿ ಮೆಚ್ಚಿ, “ಸಾಧು,” ಎಂದರು.

“ಸಾಧು ಏನ್ ಬಂತು ಬುದ್ಧಿ, ಕ್ವಾಪ ಬಂದ್ರೆ ಚೊಂಬು ಎಸಿಯೋರು.”

ಯಾರೋ ನಕ್ಕರು. ಹೇಮಶ್ರೀ ಅಡುಗೆಮನೆಗೆ ಎದ್ದು ಹೋದಳು. ಅಪ್ಪನ ಬೆರಳ ತುದಿಗಳು ನೆನಪಾಗುತ್ತಿದ್ದವು: ಬಿಳಿಚಿದ, ಬಿರುಕು ಬಿಟ್ಟ ಬೆರಳುಗಳು. ಹಳಿಯ ಜಲ್ಲಿ ಕಲ್ಲಿನಿಂದ ಹಾಗಾಗಿವೆ ಎಂದೇ ಅವಳು ನಂಬಿದ್ದಳು. ಸಂಜೆ ಆ ಬೆರಳುಗಳನ್ನು ಜೋಡಿಸಿಯೇ ಅವನು ಬುದ್ಧನಿಗೆ ಕೈ ಮುಗಿಯುತ್ತಿದ್ದದ್ದು. ಅವಳ ಪಾಲಿಗೆ ಮನೆಯಲ್ಲಿ ಎರಡು ಬಾಗಿಲುಗಳಿದ್ದವು: ಅಪ್ಪನದು ಮುಂದಿನದು, ಅವ್ವನದು ಹಿಂದಿನದು. ಅವಳು ಮುಂದಿನದನ್ನು ಆರಿಸಿಕೊಂಡು ಹಿಂದಿನದಕ್ಕೆ ಬೆನ್ನು ಹಾಕಿದ್ದಳು. ಅಪ್ಪ ಹಿತ್ತಿಲಿನಿಂದೆದ್ದು, ಮಿಂದು, ಮುಂದಿನ ಬಾಗಿಲಿಗೆ ಬರುತ್ತಿದ್ದ ಎಂದು ಯಾರೂ ಹೇಳಿರಲಿಲ್ಲ. ಅಪ್ಪನೂ ಹೇಳಿರಲಿಲ್ಲ. ಅವಳಿಗೆ ಒಂದು ಕ್ಷಣ ಅಪ್ಪನ ಮೇಲೂ ಹೇಸಿಗೆಯಾಯಿತು. ಆಗಿದ್ದು ನಿಜ. ಗ್ಯಾಸಿನ ಕಟ್ಟೆ ಹಿಡಿದು ನಿಂತು ಅದು ಇಳಿಯುವವರೆಗೆ ಕಾದಳು.

ಭಂತೇಜಿಯ ಊಟವಾಯಿತು, ಅವರು ಹರಸಿ ಹೊರಟರು. ಹೋಗುವಾಗ ಬಾಗಿಲಲ್ಲಿ ಅವ್ವನಿಗೆ ಏನೋ ಹೇಳಿದರು, ಅವ್ವ ಅವರಿಗೆ ಮೊಣಕಾಲಿಗೆ ಹರಳೆಣ್ಣೆ ಹಚ್ಚಿ ಎಂದಳು. ಆಮೇಲೆ ಉಳಿದವರ ಪಂಕ್ತಿ. ಸ್ಟೀಲ್ ತಟ್ಟೆ, ಸ್ಟೀಲ್ ಲೋಟ. ಪಾಯಸ, ಕೋಸಂಬರಿ, ಹುರುಳಿಕಾಯಿ ಪಲ್ಯ. ಅವ್ವ ತಾನಾಗಿಯೇ ಹಿಂದಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂತಿದ್ದಳು. ಒಳಗೆ ಸೆಕೆ ಎಂದಿದ್ದಳು. ಹೇಮಶ್ರೀ ಬಡಿಸಿಕೊಂಡು ಅವಳ ಬಳಿ ತಂದಳು. ಇಟ್ಟಳು. ಇಟ್ಟ ಮೇಲೆ ನೋಡಿದಳು. ಪೇಪರ್ ತಟ್ಟೆ. ಪಕ್ಕದಲ್ಲಿ, ಯಾವುದೋ ಹುಟ್ಟುಹಬ್ಬದಲ್ಲಿ ಉಳಿದು ಕಪಾಟಿನ ಮೂಲೆಯಲ್ಲಿದ್ದ, ಬಲೂನಿನ ಚಿತ್ರದ ಪೇಪರ್ ಲೋಟದಲ್ಲಿ ನೀರು. ಅವಳು ಹೀಗೆಂದು ಯೋಚಿಸಿರಲಿಲ್ಲ. ಯೋಚನೆಗೆ ಮುಂಚೆ ಕೈ ಕಪಾಟಿಗೆ ಹೋಗಿ, ಹುಡುಕಿ, ಎತ್ತಿಕೊಂಡಿತ್ತು. ಹಿತ್ತಿಲ ಬಾಗಿಲಿನಿಂದ ಅಡುಗೆಮನೆಯ ಸ್ಟ್ಯಾಂಡು ನೇರ ಕಾಣುತ್ತಿತ್ತು. ಅದರಲ್ಲಿ ಹನ್ನೆರಡೋ ಹದಿನೈದೋ ಸ್ಟೀಲ್ ತಟ್ಟೆಗಳು ಬಿಸಿಲಿಗೆ ಹೊಳೆಯುತ್ತಿದ್ದವು.

ಅವ್ವ ತಟ್ಟೆ ನೋಡಿದಳು, ಲೋಟ ನೋಡಿದಳು, ಮಗಳ ಹಿಂದೆ ಹೊಳೆಯುತ್ತಿದ್ದ ಸ್ಟ್ಯಾಂಡನ್ನೂ ನೋಡಿದಳು. ಅನ್ನ ಕಲಸಿಕೊಂಡಳು. “ಉಪ್ಪು ಸರೀಗೈತೆ,” ಎಂದಳು. ಪೂರ್ತಿ ಉಂಡಳು. ಉಂಡ ಮೇಲೆ ಲೋಟವನ್ನು ತಟ್ಟೆಯೊಳಗಿಟ್ಟು ಮಡಚಿ, ತಾನೇ ಎದ್ದು ಮೂಲೆಯ ಕಸದ ಬುಟ್ಟಿಗೆ ಹಾಕಿದಳು.

“ಅವ್ವಾ, ಅದು… ತಟ್ಟೆ ಎಲ್ಲಾ…”

“ಇರ್ಲಿ ಬಿಡೇ. ಅಜ್ಜಂಪುರದ ಹೋಟ್ಲಲ್ಲಿ ನಮ್ಮವ್ವ ಚಿಪ್ಪಲ್ಲಿ ಕಾಪಿ ಕುಡ್ದು, ತಾನೇ ತೊಳ್ದು, ಗೋಡೆ ಸಂದೀಲಿ ಇಟ್ಟು ಬರ್ಬೇಕಿತ್ತು. ಇದು ವಾಸಿ. ತೊಳಿಯೋ ಕೆಲ್ಸ ಇಲ್ಲ.” ಅದರಲ್ಲಿ ಕುಟುಕು ಇರಲಿಲ್ಲ. ಕುಟುಕಿದ್ದರೆ ಹೇಮಶ್ರೀ ಜಗಳಕ್ಕೆ ನಿಲ್ಲಬಹುದಿತ್ತು. ಅವ್ವ ಬಾಯಿ ಒರೆಸಿಕೊಂಡು, “ಮೂರು ಗಂಟೆ ಗಾಡಿ ಸಿಗ್ತದಾ? ಅರ್ಧ ಮಾಲು ಹಂಗೇ ಬಿಟ್ಟು ಬಂದಿವ್ನಿ,” ಎಂದಳು.

ಒಳಗಿನಿಂದ ವನಜಾಕ್ಷಿ, “ಹೇಮಾ, ಇಲ್ಲೊಂದು ಊದುಬತ್ತಿ ಹಚ್ಚಮ್ಮಾ,” ಎಂದು ಕೂಗಿದರು. ಹೇಮಶ್ರೀ ಅಲ್ಲಾಡಲಿಲ್ಲ. ಐದು ಶೀಲಗಳನ್ನು ಅವಳು ಮೂವತ್ತು ವರ್ಷದಿಂದ ತಪ್ಪದೆ ಹೇಳಿಕೊಂಡು ಬಂದಿದ್ದಳು. ಯಾರೂ ಹೇಳಿಕೊಡದ ಆರನೆಯದೊಂದನ್ನು ತಾನೇ ಸೇರಿಸಿಕೊಂಡು, ಉಳಿದ ಐದಕ್ಕಿಂತ ನಿಷ್ಠೆಯಿಂದ ಪಾಲಿಸಿದ್ದಳು: ಮುಟ್ಟುವುದಿಲ್ಲ. ಅಪ್ಪ ಯಾವುದನ್ನು ಬಿಟ್ಟು ಬುದ್ಧನ ಬಳಿ ಬಂದಿದ್ದನೋ, ಅದನ್ನೇ ಅವಳು ಬುದ್ಧನ ಹೆಸರಿನಲ್ಲಿ ಮನೆಯೊಳಕ್ಕೆ ಕರೆದುಕೊಂಡು ಬಂದಿದ್ದಳು. ಆ ಹೋಟೆಲಿನವನಿಗಾದರೂ ಅಜ್ಜಿ ಯಾರೋ ಪರಕೀಯಳು.

“ನಾನೂ ಬತ್ತೀನಿ,” ಎಂದಳು. ಎಷ್ಟೋ ವರ್ಷದ ಮೇಲೆ ಅವಳ ಬಾಯಲ್ಲಿ ಹಳೆಯ ಮಾತು ಬಂದಿತ್ತು.

“ಎಲ್ಲಿಗೆ? ನಿನ್ ನೆಂಟ್ರು?”

“ಇರ್ಲಿ.”

ಧನಪಾಲ್ ಗೇಟಿನವರೆಗೆ ಬಂದು, “ಏನಾಯ್ತು?” ಎಂದ. ನಾಳೆ ಬರುತ್ತೇನೆ ಎಂದಷ್ಟೇ ಹೇಳಿದಳು.

ಗಾಡಿಯಲ್ಲಿ ಜನ ತುಂಬಿದ್ದರು. ಬೀರೂರಿನಲ್ಲಿ ಅರ್ಧ ಇಳಿದು ಕೂರಲು ಜಾಗವಾಯಿತು. ಎದುರು ಕೂತ ಹೆಂಗಸೊಬ್ಬಳು ಒಮ್ಮೆ ಅವ್ವನ ಕಡೆ ನೋಡಿ, ಮೂಗು ಹಿಂಡಿ, ಕಿಟಕಿಗೆ ಸರಿದಳು. ಅವಳ ಮುಖದಲ್ಲಿ ಹೇಮಶ್ರೀ ತನ್ನ ಮುಖವನ್ನೇ ಕಂಡಳು. ಅಷ್ಟು ಸಣ್ಣದಾಗಿ, ಅಷ್ಟು ಸಭ್ಯವಾಗಿ ಹಿಂಡಿದ ಮೂಗು. ಅವ್ವನ ಕೈ ಸೀಟಿನ ಮೇಲೆ, ಅವಳ ಕೈಯಿಂದ ನಾಲ್ಕು ಬೆರಳು ದೂರದಲ್ಲಿತ್ತು. ಅದನ್ನು ಹಿಡಿದುಕೊಳ್ಳಬೇಕು ಎಂದುಕೊಂಡಳು. ತರೀಕೆರೆ ಬರುವವರೆಗೂ ಅದನ್ನೇ ಅಂದುಕೊಳ್ಳುತ್ತಿದ್ದಳು. ಕೈ ಏಳಲಿಲ್ಲ. ಕೈಗೆ ಬದಲು ಮಾತು ಬಂತು.

“ಅವ್ವಾ, ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ ಒಂದಿನ ಸಂತೆಬೀದೀಲಿ ನೀನು ಕೂಗ್ದೆ…”

“ಗೊತ್ತು,” ಎಂದಳು ಅವ್ವ, ಕಿಟಕಿಯಾಚೆ ನೋಡುತ್ತ.

“ಏನ್ ಗೊತ್ತು?”

“ಯಾರೋ ಗೊತ್ತಿಲ್ಲ ಅಂದೆ. ನಾನೇನ್ ಕಿವುಡೀನಾ? ಅವತ್ತಿಂದ ನೀನ್ ಬರೋದು ಕಂಡ್ರೆ ಸೆರಗು ಮುಸುಕಾಕ್ಕೊಂಡು ಆ ಕಡೀಕೆ ತಿರುಕ್ಕೊಳ್ತಿದ್ದೆ. ನಿಂಗ್ಯಾಕೆ ದಿನಾ ಸುಳ್ಳು ಹೇಳೋ ಕಷ್ಟ ಅಂತ.”

ಸುಳ್ಳು ಹೇಳಬಾರದೆಂಬ ಶೀಲವನ್ನು ಮಗಳು ಮುರಿಯದಿರಲಿ ಎಂದು, ಶೀಲವನ್ನೇ ನಂಬದವಳು ವರ್ಷಗಟ್ಟಲೆ ಗೋಡೆಗೆ ಮುಖ ಮಾಡಿ ವ್ಯಾಪಾರ ಮಾಡಿದ್ದಳು. ಹೇಮಶ್ರೀಗೆ ಅಳು ಬರಲಿಲ್ಲ. ಬಂದದ್ದು ವಾಕರಿಕೆ. ಈ ಸಲ ಅದು ವಾಸನೆಯದಲ್ಲ, ತನ್ನದೇ.

ಮನೆ ತಲುಪುವಾಗ ನಾಲ್ಕು ದಾಟಿತ್ತು. ಮೇ ತಿಂಗಳ ಬಿಸಿಲು ಹಿತ್ತಿಲ ತಗಡಿನ ಮೇಲೆ ಕಾದು ಕೂತಿತ್ತು. ಬೆಳಿಗ್ಗೆ ಹೊರಡುವಾಗ ಅವ್ವ ಒದ್ದೆ ಗೋಣಿ ಮುಚ್ಚಿ ಬಿಟ್ಟುಹೋಗಿದ್ದ ಟಬ್ಬು ನೆರಳು ಸರಿದು ಬಿಸಿಲಿಗೆ ಬಿದ್ದಿತ್ತು. ಗೋಣಿ ಒಣಗಿತ್ತು. ಅದರ ಮೇಲೆ, ಸುತ್ತ, ಅಂಚಿನ ತುಂಬ ನೊಣ. ಅವ್ವ ಗೋಣಿ ಎತ್ತಿದಳು.

“ಕೆಟ್ಟೋಯ್ತು,” ಎಂದಳು. “ಒಂದು ಹೊತ್ತಿಗೇ ಹಿಂಗಾಯ್ತದೆ ಬ್ಯಾಸಗೇಲಿ.” ವ್ಯಾಪಾರದ ದಿನ ಬಿಟ್ಟು ಬಂದದ್ದಕ್ಕೆ ಅವಳು ಅಂದದ್ದು ಇಷ್ಟೇ.

ಹೇಮಶ್ರೀ ಟಬ್ಬಿನೊಳಗೆ ನೋಡಿದಳು. ಬಿಳಿ ಇದ್ದದ್ದು ಹಸಿರುಗಟ್ಟಿತ್ತು. ಸುರುಳಿ ಸುರುಳಿಯಾಗಿ, ಇನ್ನೂ ಜೀವ ಇರುವಂತೆ, ನೊಣಗಳ ಚಲನೆಯಿಂದ ಮಿಸುಕಾಡುತ್ತಿತ್ತು. ಅವಳು ಗೋಡೆಗೆ ಕೈಯೂರಿ ವಾಂತಿ ಮಾಡಿಕೊಂಡಳು. ಬಡಿಸುವ ನಡುವೆ ತಿಂದಿದ್ದ ಪಾಯಸ, ಕೋಸಂಬರಿ, ಎಲ್ಲ. ಸೀರೆಯ ಮೇಲೆ, ಕಾಲ ಮೇಲೆ, ಅಂಗಳದ ಕಲ್ಲಿನ ಮೇಲೆ. ನಿಂತಿತು ಎಂದುಕೊಂಡರೆ ಮತ್ತೆ. ಅವ್ವ ಚೊಂಬಿನಲ್ಲಿ ನೀರು ತಂದಳು. ಮಗಳ ಬಾಯಿ ತೊಳೆಸಿದಳು. ಆಮೇಲೆ ಬಗ್ಗಿ, ಬರಿಗೈಯಲ್ಲೇ ಮಗಳ ಪಾದದ ಮೇಲಿನದನ್ನು ಬಳಿದು, ನೀರು ಹುಯ್ದು, ಬೆರಳ ಸಂದಿಗಳನ್ನು ಒಂದೊಂದಾಗಿ ತೊಳೆದಳು. ಎಲ್ಲಿಯೂ ಮುಖ ಹಿಂಡಲಿಲ್ಲ. ಆ ಮುಖದಲ್ಲಿ ತಾಯ್ತನದ ತ್ಯಾಗ ಗೀಗ ಏನೂ ಕಾಣಲಿಲ್ಲ. ಕೊಳೆಯಾದದ್ದನ್ನು ತೊಳೆಯುತ್ತಿದ್ದಾಳೆ, ಅಷ್ಟೇ.

“ಒಳೀಕೋಗಿ ಮಲಿಕ್ಕೊ. ನಾನು ಹೂತಾಕಿ ಬತ್ತೀನಿ.”

“ಬ್ಯಾಡ. ನಾನೂ ಹಿಡೀತೀನಿ.”

ಟಬ್ಬಿಗೆ ಎರಡು ಹಿಡಿ. ಒಂದು ಅವ್ವನದು, ಒಂದು ಅವಳದು. ಇಬ್ಬರೂ ಎತ್ತಿಕೊಂಡು ಹಿತ್ತಿಲ ಬೇಲಿಯಾಚೆಯ ಜಾಲಿ ಗಿಡದ ಬುಡಕ್ಕೆ ಹೋದರು. ಪ್ರತಿ ಹೆಜ್ಜೆಗೂ ಒಳಗಿನ ನೀರು ತುಳುಕಿ ಅವಳ ಬೆರಳುಗಳ ಮೇಲೆ ಬೀಳುತ್ತಿತ್ತು. ಲ್ಯಾಬಿನ ಗ್ಲೌಸು ನೆನಪಾಯಿತು. ಹೇಸಿಗೆ ಹೋಗಲಿಲ್ಲ. ಮೈಯ ಒಂದೊಂದು ರೋಮವೂ ಕೈ ಬಿಡು, ಓಡು ಎನ್ನುತ್ತಿತ್ತು. ಅವಳು ಉಸಿರು ಬಿಗಿಹಿಡಿಯಬಾರದೆಂದು ಹಟ ಮಾಡಿ ಎಳೆದುಕೊಂಡಳು. ಮೂರನೇ ಉಸಿರಿಗೆ ಕಣ್ಣಲ್ಲಿ ನೀರು ಬಂತು. ಅಪ್ಪನಿಗೂ ಮೊದಮೊದಲು ಹೀಗೇ ಆಗುತ್ತಿತ್ತೇ, ಅಥವಾ ಅವನಿಗೆ ಆಗುತ್ತಲೇ ಇರಲಿಲ್ಲವೇ? ಕೇಳುವುದಕ್ಕೆ ಅವನಿಲ್ಲ. ಅವ್ವನನ್ನು ಕೇಳಿದರೆ ಚೊಂಬು ಎಸೆಯುತ್ತಿದ್ದ ಎನ್ನುತ್ತಾಳೆ. ನಂಬಿಕೆ ಇಲ್ಲಿಗೆ ಮುಗಿದುಹೋಗಿದ್ದರೆ ಸುಲಭವಾಗುತ್ತಿತ್ತು; ಇದೆಲ್ಲ ತನ್ನ ಮೂಗಿನ ಕಾಯಿಲೆ, ಬುದ್ಧನಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಬಿಟ್ಟುಬಿಡಬಹುದಿತ್ತು. ಅದು ಮುಗಿದಿರಲಿಲ್ಲ. ಬರಿಮೈಯಾಗಿ, ನಾಚಿಕೆಗೆಟ್ಟು, ಅಲ್ಲೇ ನಿಂತಿತ್ತು.

ಅವ್ವ ಗುದ್ದಲಿಯಿಂದ ಗುಂಡಿ ತೋಡಿದಳು. ಇಬ್ಬರೂ ಟಬ್ಬು ಓರೆ ಮಾಡಿ ಸುರಿದರು. ನೊಣಗಳು ಗುಂಡಿಯ ಮೇಲೆ ಕವಿದವು. ಹೇಮಶ್ರೀ ಕುಕ್ಕರುಗಾಲಲ್ಲಿ ಕೂತು ಕೈಯಿಂದ ಮಣ್ಣು ಎಳೆದು ಹಾಕತೊಡಗಿದಳು. ತುಟಿ ತಾನಾಗಿ ಅಲ್ಲಾಡುತ್ತಿತ್ತು. ಮೊದಲನೆಯದು, ಎರಡನೆಯದು. ನಾಲ್ಕನೆಯದಕ್ಕೆ ನಿಂತು, ನುಂಗಿ, ಮುಂದೆ ಹೋದಳು.

“ಏನೇ ಅದು ಗೊಣಗಾದು?” ಎಂದಳು ಅವ್ವ.

“ಶೀಲ. ಅಪ್ಪ ಹೇಳ್ತಿದ್ರಲ್ಲ.”

ಅವ್ವ ಗುದ್ದಲಿಗೆ ಒರಗಿ ನಿಂತು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. “ಹೇಳಾದಾದ್ರೆ ಜ್ವಾರಾಗಿ ಹೇಳು. ನೊಣನಾದ್ರೂ ಎದ್ದೋಗ್ಲಿ.”

ಹೇಮಶ್ರೀ ಮಣ್ಣುಗೈ ಜೋಡಿಸಿ, ಗಂಟಲು ಸರಿಮಾಡಿಕೊಂಡು, ಮೊದಲಿನಿಂದ, ಬೇಲಿಯಾಚೆಯವರಿಗೂ ಕೇಳುವಂತೆ ಹೇಳಿದಳು. ನೊಣಗಳು ಏಳಲಿಲ್ಲ. ಅವಳು ಐದನ್ನೂ ಹೇಳಿ ಮುಗಿಸುವವರೆಗೆ ಅವ್ವ ಗುದ್ದಲಿ ಎತ್ತದೆ, ನಗದೆ, ಕಾದು ನಿಂತಿದ್ದಳು.